4ಕೆ ಮಾನಿಟರ್‌ನಲ್ಲಿ ಅಕ್ಷರ ಚಿಕ್ಕದೇ? ಸ್ಕೇಲ್ ಬದಲಿಸಿ, ರೆಸಲ್ಯೂಷನ್ ಬೇಡ

27 ಇಂಚಿನ 4ಕೆ ಮಾನಿಟರ್ ಜೋಡಿಸಿ, ಅಕ್ಷರಗಳು ತೀರಾ ಸಣ್ಣಗೆ ಕಂಡವೆಂದು ರೆಸಲ್ಯೂಷನ್ನನ್ನೇ (ಪರದೆಯಲ್ಲಿ ಬಳಸುವ ಪಿಕ್ಸೆಲ್‌ಗಳ, ಅಂದರೆ ಪುಟ್ಟ ಚುಕ್ಕೆಗಳ, ಲೆಕ್ಕ) 1920×1080ಕ್ಕೆ ಇಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪರದೆಯಲ್ಲಿರುವುದು ಸುಮಾರು 83 ಲಕ್ಷ ಪಿಕ್ಸೆಲ್. ಇಳಿಸಿದರೆ ಅದರ ಕಾಲು ಭಾಗದಷ್ಟು ವಿವರವೇ ಉಳಿಯುತ್ತದೆ. ಕನ್ನಡ ಓದುವವರಿಗೆ ಇದು ದೊಡ್ಡ ನಷ್ಟ. ‘ಡ’ ಮತ್ತು ‘ಢ’, ‘ದ’ ಮತ್ತು ‘ಧ’ ಬೇರೆಯಾಗುವುದು ಕೆಳಗಿನ ಪುಟ್ಟ ಗೀಟಿನಿಂದ, ‘ರ’ ಮತ್ತು ‘ಠ’ ಬೇರೆಯಾಗುವುದು ಒಳಗಿನ ಚುಕ್ಕೆಯಿಂದ. ಮೊದಲು ಮಸುಕಾಗುವುದೇ ಇವು.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ತೆರೆಯಿರಿ. ರೆಸಲ್ಯೂಷನ್ 3840×2160 ಇರಲಿ. ಸ್ಕೇಲ್ (ಅಕ್ಷರ, ಗುಂಡಿಗಳನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಅಳತೆ) ಎಂಬಲ್ಲಿ 150% ಆರಿಸಿ. ಆಗ 2560×1440 ಪರದೆಯಷ್ಟು ಜಾಗ ಸಿಗುತ್ತದೆ, ಅಕ್ಷರ ಮಾತ್ರ 4ಕೆ ಸ್ಪಷ್ಟತೆಯಲ್ಲೇ ಮೂಡುತ್ತದೆ. ಕಣ್ಣಿಗೆ ಇನ್ನೂ ಶ್ರಮವೆನಿಸಿದರೆ 175%. ನಿಮ್ಮದೇ ಅಂಕಿ ಕೊಡುವ ಕಸ್ಟಮ್ ಸ್ಕೇಲಿಂಗ್ ಕೂಡ ಇದೆ, ಆದರೆ ಅದು ಜೋಡಿಸಿದ ಎಲ್ಲ ಪರದೆಗೂ ಅನ್ವಯಿಸುತ್ತದೆ. ಲ್ಯಾಪ್‌ಟಾಪ್ ಜೊತೆಗೆ ಮಾನಿಟರ್ ಬಳಸುವವರಿಗೆ ಅದು ಬೇಡ; ಪಟ್ಟಿಯಲ್ಲಿರುವ ಅಂಕಿಗಳನ್ನೇ ಒಂದೊಂದು ಪರದೆಗೂ ಬೇರೆಬೇರೆಯಾಗಿ ಇಡಿ.

ಇಷ್ಟಾದ ಮೇಲೂ ಕೆಲವು ಹಳೆಯ ತಂತ್ರಾಂಶಗಳು ಮಂಜು ಮಂಜಾಗಿ ಕಾಣಬಹುದು. ಕಾರಣ ಇದು: ಸ್ಕೇಲ್ 200% ಆದರೆ ಒಂದು ಪಿಕ್ಸೆಲ್ ಗೆರೆ ಸರಿಯಾಗಿ ಎರಡು ಪಿಕ್ಸೆಲ್ ಆಗುತ್ತದೆ. 150%ರಲ್ಲಿ ಅದು ಒಂದೂವರೆ ಆಗಬೇಕು. ಅರ್ಧ ಪಿಕ್ಸೆಲ್ ಎಂಬುದು ಪರದೆಯಲ್ಲಿಲ್ಲ. ಸ್ಕೇಲ್ ಅರಿತ ತಂತ್ರಾಂಶ ಅಕ್ಷರವನ್ನು ಹೊಸ ಅಳತೆಗೇ ಬರೆಯುತ್ತದೆ. ಅರಿಯದ್ದು 100%ರಲ್ಲೇ ಬರೆದಿಡುತ್ತದೆ, ವಿಂಡೋಸ್ ಆ ಚಿತ್ರವನ್ನು ಹಿಗ್ಗಿಸುತ್ತದೆ, ಅಂಚು ಬೂದಿ ಬಣ್ಣಕ್ಕೆ ತಿರುಗುತ್ತದೆ.

ಅಂಥ ತಂತ್ರಾಂಶದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ಒತ್ತಿ. ಕೆಳಗಿನ ಓವರ್‌ರೈಡ್ ಚೌಕಕ್ಕೆ ಗುರುತು ಹಾಕಿ, ಮೊದಲು ಸಿಸ್ಟಮ್ (ಎನ್‌ಹಾನ್ಸ್‌ಡ್) ಪ್ರಯತ್ನಿಸಿ. ಅಪ್ಲಿಕೇಶನ್ ಎಂಬ ಆಯ್ಕೆ ಅಕ್ಷರವನ್ನು ಚೊಕ್ಕಟಗೊಳಿಸುತ್ತದೆ, ಆದರೆ ಗುಂಡಿಗಳು ಪುಟಾಣಿಯಾಗಬಹುದು. ತಂತ್ರಾಂಶ ಮುಚ್ಚಿ ಮತ್ತೆ ತೆರೆದ ಮೇಲಷ್ಟೇ ಬದಲಾವಣೆ ಕಾಣುವುದು.

ಲಿನಕ್ಸ್‌ನ ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ಪುಟದಲ್ಲಿ ಫ್ರಾಕ್ಷನಲ್ ಸ್ಕೇಲಿಂಗ್ (ಪೂರ್ಣ ಪಟ್ಟಲ್ಲದ ಸ್ಕೇಲ್) ಆನ್ ಮಾಡಿದರೆ 125, 150, 175 ಕಾಣಿಸಿಕೊಳ್ಳುತ್ತವೆ. ಲಾಗಿನ್ ಆಗುವಾಗ ವೇಲ್ಯಾಂಡ್ (ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಲಿನಕ್ಸ್‌ನ ಹೊಸ ವ್ಯವಸ್ಥೆ) ಸೆಷನ್ ಇರುವುದು ಒಳ್ಳೆಯದು. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದ 5.27 ಆವೃತ್ತಿ (2023) ಈ ವಿಷಯದಲ್ಲಿ ನಿಜಕ್ಕೂ ಮೆಚ್ಚುವಂಥ ಹೆಜ್ಜೆ ಇಟ್ಟಿತು: ‘ಒಂದೂವರೆ ಪಟ್ಟು’ ಎಂಬ ಅಳತೆಯನ್ನೇ ತಂತ್ರಾಂಶಕ್ಕೆ ತಿಳಿಸುವ ವೇಲ್ಯಾಂಡ್ ವ್ಯವಸ್ಥೆ ಅದರಲ್ಲಿ ಬಂತು. ವೇಲ್ಯಾಂಡ್‌ಗೂ ಹಿಂದಿನ ಎಕ್ಸ್11 ವ್ಯವಸ್ಥೆಗೆ ಬರೆದ ಹಳೆಯ ತಂತ್ರಾಂಶ ಅಲ್ಲೂ ಮಸುಕಾದರೆ, ಡಿಸ್‌ಪ್ಲೇ ಪುಟದಲ್ಲೇ ಅಂಥವು ತಾವೇ ಸ್ಕೇಲ್ ಮಾಡಿಕೊಳ್ಳಲಿ ಎಂಬ ಆಯ್ಕೆಯಿದೆ.

ಮ್ಯಾಕ್‌ನ ದಾರಿ ಬೇರೆ. 2560×1440ರಂತೆ ಕಾಣುವ ಆಯ್ಕೆ ಕೊಟ್ಟರೆ ಅದು 5120×2880ರಲ್ಲಿ ಚಿತ್ರ ಬರೆದು 4ಕೆಗೆ ಕುಗ್ಗಿಸುತ್ತದೆ. ಗ್ರಾಫಿಕ್ಸ್‌ಗೆ ಹೆಚ್ಚು ಕೆಲಸ. ಹಳೆಯ ಮ್ಯಾಕ್ ನಿಧಾನವಾದರೆ 1920×1080ರಂತೆ ಕಾಣುವ ಆಯ್ಕೆಗೆ ಬನ್ನಿ. ಅಲ್ಲಿ ಲೆಕ್ಕ ಸರಿಯಾಗಿ ಎರಡು ಪಟ್ಟು, ಕುಗ್ಗಿಸುವ ಕೆಲಸವೇ ಇರುವುದಿಲ್ಲ.