ಹೋಂಸ್ಟೇ ವೆಬ್‌ಸೈಟಿನ ಮೊದಲ ಪುಟದಲ್ಲಿ ಏನು ಬರೆಯಬೇಕು?

ತೀರ್ಥಹಳ್ಳಿ ಕಡೆಯ ನಮ್ಮ ಭಾವನ ಹೋಂಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಮೊದಲ ಪುಟದಲ್ಲಿ ದೊಡ್ಡದಾಗಿ ‘ಪ್ರಕೃತಿಯ ಮಡಿಲಿಗೆ ಸ್ವಾಗತ’ ಅಂತ ಬರೆದಿದ್ದೆ. ಕೆಳಗೆ ಒಂದರ ಹಿಂದೊಂದು ಓಡುವ 12 ಫೋಟೊ. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಭಾವನಿಗೆ ಬರುವ ಫೋನು ಮಾತ್ರ ಬದಲಾಗಲಿಲ್ಲ. ‘ಕಾರು ಮನೆ ತನಕ ಬರುತ್ತಾ? ನೆಟ್‌ವರ್ಕ್ ಸಿಗುತ್ತಾ? ಊಟಕ್ಕೆ ಏನಿರುತ್ತೆ?’

ಹಾಗಾಗಿ ಕಂಪ್ಯೂಟರ್ ಮುಂದೆ ಕೂರುವ ಮೊದಲು ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಹದಿನೈದು ದಿನ, ಕೇಳಿದವರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಪದೇಪದೇ ಬಂದ ಐದಾರು ಪ್ರಶ್ನೆಗೆ ಉತ್ತರ ಬರೆದರೆ ಪುಟ ಮುಕ್ಕಾಲು ಮುಗಿದ ಹಾಗೆ.

ಮೊಬೈಲಿನಲ್ಲಿ ಪುಟ ಸರಿಸದೆ ಕಾಣುವ ಜಾಗ ಇದೆಯಲ್ಲ, ಅದು ಮನೆಯ ಜಗಲಿ. ಬಂದವರಿಗೆ ಅಲ್ಲಿ ನೀರು ಬೆಲ್ಲ ಕೊಡುತ್ತೇವೆ, ಅಟ್ಟ ತೋರಿಸಲ್ಲ ಅಲ್ವಾ? ಏನು, ಎಲ್ಲಿ, ಯಾರನ್ನು ಕೇಳಬೇಕು, ಇಷ್ಟೇ ಅಲ್ಲಿರಲಿ. ಭಾವನ ಪುಟದಲ್ಲಿ ಈಗ ಹೀಗಿದೆ: ‘ಅಡಿಕೆ ತೋಟದ ನಡುವೆ 4 ಕೋಣೆ. ಆಗುಂಬೆ ರಸ್ತೆಯಿಂದ 2 ಕಿ.ಮೀ. ಒಳಗೆ, ಕಾರು ಅಂಗಳಕ್ಕೇ ಬರುತ್ತೆ.’ ಕೆಳಗೆ ಒಂದೇ ಬಟನ್, ‘ವಾಟ್ಸ್‌ಆ್ಯಪ್‌ನಲ್ಲಿ ಕೇಳಿ’.

ಇನ್ನು ವಿವರ. ‘ರುಚಿಕರ ಮಲೆನಾಡು ಊಟ’ ಅಂತ ಎಲ್ಲರೂ ಬರೆಯುತ್ತಾರೆ. ‘ಬೆಳಿಗ್ಗೆ ಕೊಟ್ಟೆ ಕಡುಬು, ರಾತ್ರಿ ಅಕ್ಕಿ ರೊಟ್ಟಿ, ಜೊತೆಗೆ ಅಪ್ಪೆಮಿಡಿ’ ಅಂದರೆ ಬಾಯಲ್ಲಿ ನೀರೂರುತ್ತೆ. ಜೋಗ 253 ಮೀಟರ್ ಎತ್ತರ ಅಂತ ಯಾರು ಬೇಕಾದರೂ ಹುಡುಕಿಕೊಳ್ಳಬಹುದು. ನಿಮ್ಮ ಮನೆಯಿಂದ ಎಷ್ಟು ಹೊತ್ತಿನ ದಾರಿ ಅನ್ನೋದನ್ನು ನೀವೇ ಹೇಳಬೇಕು. ಆಗಸ್ಟ್‌ನಲ್ಲಿ ತುಂಬಿ ಧುಮುಕುವ ಜೋಗದ ಫೋಟೊ ಹಾಕಿ ಮಾರ್ಚ್‌ನಲ್ಲಿ ಜನರನ್ನು ಕರೆಸಿದರೆ ಬೈಸಿಕೊಳ್ಳುವುದು ಗ್ಯಾರಂಟಿ. ಫೋಟೊ ಕೆಳಗೆ ತಿಂಗಳು ಬರೆಯಿರಿ.

ಕಷ್ಟಗಳನ್ನೂ ಮುಚ್ಚಿಡಬೇಡಿ. ‘ಮಳೆಗಾಲದಲ್ಲಿ ಉಂಬಳ (ಜಿಗಣೆ) ಇರುತ್ತೆ, ಉಪ್ಪು ನಾವು ಕೊಡ್ತೀವಿ’ ಅಂತ ಹಾಕೋಣ ಅಂದೆ. ಭಾವ ಒಪ್ಪಲಿಲ್ಲ. ಅಕ್ಕ ಒಪ್ಪಿಸಿದಳು. ಈಗ ಬರುವವರು ಉದ್ದ ಕಾಲುಚೀಲ ತಂದಿರುತ್ತಾರೆ, ಗಲಾಟೆ ಇಲ್ಲ.

ಫೋಟೊ ಮೂರು ನಾಲ್ಕು ಸಾಕು. ಮೊಬೈಲಿನಲ್ಲಿ ತೆಗೆದದ್ದು ಒಂದೊಂದೂ ಮೂರ್ನಾಲ್ಕು ಎಂಬಿ ಇರುತ್ತೆ. ಅದನ್ನು 200 ಕೆಬಿ ಆಸುಪಾಸಿಗೆ ಇಳಿಸಿ, ಇಲ್ಲದಿದ್ದರೆ ಘಟ್ಟದ ಸಿಗ್ನಲ್ಲಿಗೆ ಪುಟ ತೆರೆಯುವುದೇ ಇಲ್ಲ. ದರ, ವಿಳಾಸ ಇವನ್ನು ಚಿತ್ರದೊಳಗೆ ಬರೆಯದೆ ಟೈಪ್ ಮಾಡಿ, ಗೂಗಲ್‌ಗೂ ಓದಲು ಸುಲಭ. ಕನ್ನಡವನ್ನು ಯೂನಿಕೋಡ್‌ನಲ್ಲೇ, ಅಂದರೆ ಯಾವ ಮೊಬೈಲಿನಲ್ಲೂ ಕನ್ನಡವಾಗೇ ಕಾಣುವ ಅಕ್ಷರ ಪದ್ಧತಿಯಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತೆ.

ಕೊನೆಗೆ, ನಿಮ್ಮ ಜಾಗ ನೋಡಿರದ ಯಾರ ಕೈಗಾದರೂ ಮೊಬೈಲ್ ಕೊಟ್ಟು ಸುಮ್ನೆ ಕೂತುಕೊಳ್ಳಿ. ನಾನು ಶಿವಮೊಗ್ಗದಲ್ಲಿ ಪಕ್ಕದ ಮನೆಯವರಿಗೆ ಕೊಟ್ಟೆ. ಮೇಲಿಂದ ಕೆಳಗೆ ಓದಿ, ಮತ್ತೆ ಮೇಲೆ ಹೋಗಿ, ‘ಒಬ್ಬರಿಗೆ ಎಷ್ಟು ಅಂತ ಎಲ್ಲಿದೆ?’ ಅಂದರು. ಹಾಕಿರಲೇ ಇಲ್ಲ.