ಗೂಢಚಾರ ಕಾದಂಬರಿಯ ಮೊದಲ ಮುದ್ರಣ ಕೊಳ್ಳುವ ಮುನ್ನ

ಗೂಢಚಾರ ಕಾದಂಬರಿಗಳ ಮೊದಲ ಮುದ್ರಣಗಳನ್ನು ಸಂಗ್ರಹಿಸಬಯಸುವವರು ಒಬ್ಬನೇ ಲೇಖಕನನ್ನು ಆರಿಸಿಕೊಂಡು ತೊಡಗುವುದು ಲೇಸು. ಜೇಮ್ಸ್ ಬಾಂಡ್ ಪಾತ್ರವನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಅವರ ‘ಕ್ಯಾಸಿನೊ ರಾಯಲ್’ ಕೃತಿಯನ್ನೇ ನೋಡಿ: ಲಂಡನ್ನಿನ ಜೊನಾಥನ್ ಕೇಪ್ ಸಂಸ್ಥೆ 1953ರ ಏಪ್ರಿಲ್‌ನಲ್ಲಿ ಇದರ 5,000ಕ್ಕೂ ಕಡಿಮೆ ಪ್ರತಿಗಳನ್ನು ಹೊರತಂದಿತು, ಅವುಗಳಲ್ಲಿ ಹಲವು ಗ್ರಂಥಾಲಯಗಳಿಗೆ ಸೇರಿ ಓದುಗರ ಕೈಯಲ್ಲೇ ಸವೆದುಹೋದವು.

ಮೊದಲು ಹಕ್ಕುಸ್ವಾಮ್ಯದ ಪುಟವನ್ನು ಓದಬೇಕು. ಅಲ್ಲಿ ಮರುಮುದ್ರಣದ ಉಲ್ಲೇಖವಿದ್ದರೆ ಅದು ಮೊದಲ ಮುದ್ರಣವಲ್ಲ. ಬಳಿಕ ಡಸ್ಟ್ ಜಾಕೆಟ್ಟನ್ನು ಪರೀಕ್ಷಿಸಬೇಕು, ಏಕೆಂದರೆ ಬೆಲೆಯ ಬಹುಪಾಲು ನಿಂತಿರುವುದು ಪುಸ್ತಕಕ್ಕಿಂತ ಈ ಕಾಗದದ ಹೊದಿಕೆಯ ಮೇಲೆಯೇ (ವಿಚಿತ್ರವೆನಿಸಿದರೂ ನಿಜ). ‘ಕ್ಯಾಸಿನೊ ರಾಯಲ್’ ಹೊದಿಕೆಯ ಮುಂದಿನ ಒಳಮಡಿಕೆಯಲ್ಲಿ ‘ಸಂಡೇ ಟೈಮ್ಸ್’ ಪತ್ರಿಕೆಯ ವಿಮರ್ಶೆ ಅಚ್ಚಾಗಿದ್ದರೆ ಹೊದಿಕೆ ನಂತರದ್ದು. ಬೆಲೆ ನಮೂದಿಸಿದ ಮೂಲೆಯನ್ನು ಕತ್ತರಿಸಿದ್ದರೆ ಮೌಲ್ಯ ಇಳಿಯುತ್ತದೆ. ಹಳೆಯ ಪುಸ್ತಕಕ್ಕೆ ಹೊಸದಾಗಿ ಅಚ್ಚುಮಾಡಿದ ನಕಲು ಹೊದಿಕೆ ತೊಡಿಸುವ ರೂಢಿಯೂ ಇರುವುದರಿಂದ, ಹೊದಿಕೆ ಮೂಲದ್ದೇ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯಿರಿ.

ಸಹಿಯಿರುವ ಪ್ರತಿ, ಪತ್ರ, ಚಲನಚಿತ್ರದ ಭಿತ್ತಿಪತ್ರಗಳಿಗೆ ಹಿಂದಿನ ಒಡೆತನದ ದಾಖಲೆ ಕೇಳಲೇಬೇಕು. ಕೊಂಡದ್ದನ್ನು ಬಿಸಿಲು, ತೇವ ತಾಗದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಹೊದಿಕೆಗೆ ಆಮ್ಲರಹಿತ ಪಾರದರ್ಶಕ ಕವಚ ಹಾಕಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಲೇಬೇಡಿ.