ದೊಡ್ಡ ಬೈಕಿನಿಂದ ಹಗುರ ಬೈಕಿಗೆ: ಮಳೆಗಾಲದ ತೋಟದ ದಾರಿಗೆ ಆರಿಸುವುದು ಹೇಗೆ

ನಲವತ್ತು ಪಿಎಸ್ (ಎಂಜಿನ್ ಶಕ್ತಿಯ ಅಳತೆ) ದಾಟಿದ ಬೈಕು ಓಡಿಸಿದವರು ಇಪ್ಪತ್ತು ಪಿಎಸ್ಸಿನ ಬೈಕಿಗೆ ಇಳಿಯುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: "ಎಂತಕ್ಕೆ ಮಾರಾಯ, ಹಳೇದಕ್ಕೆ ಎಂತ ಆಯ್ತು?" ನನ್ನ ಹಳೇ ಬೈಕಿಗೆ ಏನೂ ಆಗಿರಲಿಲ್ಲ. ಒಳ್ಳೇ ಗಾಡಿ. ಕಾರ್ಕಳದಿಂದ ಮಂಗಳೂರಿಗೆ ಹೊರಟರೆ ಮೂಡುಬಿದಿರೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಆದರೆ ನನ್ನ ಕೆಲಸ ಇರುವುದು ಟಾರು ರೋಡು ಮುಗಿದ ಮೇಲೆ. ಕಾರ್ಕಳ, ಅಜೆಕಾರು, ಹೆಬ್ರಿ ಕಡೆಯ ತೋಟಗಳಲ್ಲಿ ಪಂಪು, ಸ್ಟಾರ್ಟರ್, ಸೋಲಾರ್ ಪ್ಯಾನೆಲ್ ರಿಪೇರಿ ಮಾಡುವವನು ನಾನು. ಪಂಪ್ ಹೌಸ್ ಯಾವತ್ತೂ ರಸ್ತೆ ಬದಿಗೆ ಇರುವುದಿಲ್ಲ, ಅಲ್ವಾ? ಇದೇ ತರದ ದಾರಿಯಲ್ಲಿ ದಿನಾ ಓಡಾಡುವವರಿಗೆ, ಬೈಕು ಬದಲಿಸುವ ಯೋಚನೆ ಇರುವವರಿಗೆ, ನನಗೆ ಗೊತ್ತಿರುವುದನ್ನು ಬರೆಯುತ್ತಿದ್ದೇನೆ.

ಶೋರೂಮಿಗೆ ಹೋಗುವ ಮೊದಲು ನೀವು ಹೋಗುವ ದಾರಿಯ ಅತಿ ಕೆಟ್ಟ ನೂರು ಮೀಟರನ್ನು ಕಣ್ಣ ಮುಂದೆ ತಂದುಕೊಳ್ಳಿ. ನನ್ನದು ಹೀಗಿದೆ. ಪಂಚಾಯತಿನ ಕಾಂಕ್ರೀಟು ಮುಗಿಯುವಲ್ಲಿ ಒಂದು ಏರು. ಜುಲೈ ಬಂತೆಂದರೆ ಕಾಂಕ್ರೀಟಿಗೆ ಹಾವಸೆ ಹಿಡಿಯುತ್ತದೆ. ಜೀಪಿನ ಚಕ್ರ ಉಜ್ಜುವ ಗೇಣಗಲದ ಎರಡು ಪಟ್ಟಿ ಮಾತ್ರ ಬೆಳ್ಳಗೆ ಉಳಿದಿರುತ್ತದೆ. ಅದು ದಾಟಿದರೆ ಮುರಕಲ್ಲಿನ ಕೆಂಪು ನೆಲ, ಮೇಲೆ ಚಕ್ರದಡಿ ಉರುಳುವ ಸಣ್ಣ ಕಲ್ಲು. ನಡುವೆ ನೀರು ಹೋಗಲು ದಾರಿಗೆ ಅಡ್ಡ ಕಡಿದ ಕಣಿ. ತಿರುವಿನಲ್ಲಿ ಒದ್ದೆಯಾದ ಅಡಿಕೆ ಹಾಳೆ ಬಿದ್ದಿರುತ್ತದೆ. ಮುಂದಿನ ಚಕ್ರ ಅದರ ಮೇಲೆ ಹತ್ತಿದರೆ ಹಾಳೆಯೂ ಚಕ್ರವೂ ಒಟ್ಟಿಗೇ ಜಾರುತ್ತವೆ. ಕೊನೆಗೆ ತೋಡಿಗೆ ಹಾಕಿದ ಸಂಕ, ಅಂದರೆ ಬದಿಗೆ ಹಿಡಿಕೆ ಇಲ್ಲದ ಸಣ್ಣ ಕಾಲುಸೇತುವೆ.

ಇಂಥ ಕಡೆ ಎಂಜಿನ್ನಿಗೆ ಎಷ್ಟು ಶಕ್ತಿ ಉಂಟು ಅನ್ನುವುದಕ್ಕಿಂತ ಟಯರಿಗೆ ಎಷ್ಟು ಹಿಡಿತ ಸಿಗುತ್ತದೆ ಅನ್ನುವುದೇ ದೊಡ್ಡದು. ಕೆಸರಿನ ಏರಿನಲ್ಲಿ ಹಿಂದಿನ ಚಕ್ರ ನೆಲಕ್ಕೆ ದಾಟಿಸಬಲ್ಲ ಶಕ್ತಿ ಬಹಳ ಕಡಿಮೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಚಕ್ರ ಸುಮ್ನೆ ಸುತ್ತುತ್ತದೆ, ನೆಲ ತೋಡುತ್ತದೆ, ಬೈಕಿನ ಹಿಂಭಾಗ ಬದಿಗೆ ಸರಿಯುತ್ತದೆ. ದೊಡ್ಡ ಎಂಜಿನ್ನಿನಲ್ಲಿ ಮಣಿಕಟ್ಟು ಕೂದಲೆಳೆ ತಿರುಗಿದರೂ ಇದು ಆಗುತ್ತದೆ. ಭಾರದ ತೊಂದರೆ ಇನ್ನೂ ಜಾಸ್ತಿ. ಅದೇ ಏರು ಹತ್ತಲು ಭಾರದ ಬೈಕಿಗೆ ಜಾಸ್ತಿ ಎಳೆತ ಬೇಕು, ಇಳಿಯುವಾಗ ನಿಲ್ಲಿಸಲು ಜಾಸ್ತಿ ಹಿಡಿತ ಬೇಕು. ನಮ್ಮ ಮಳೆಗಾಲದಲ್ಲಿ ಇಲ್ಲದಿರುವುದು ಆ ಹಿಡಿತವೇ. ಆದ್ದರಿಂದ ನನ್ನ ಲೆಕ್ಕದಲ್ಲಿ ಮೊದಲು ತೂಕ, ಆಮೇಲೆ ಕೆಳಗಿನ ಆರ್‌ಪಿಎಂನಲ್ಲಿ (ಎಂಜಿನ್ ನಿಧಾನ ತಿರುಗುವಾಗ) ಅದು ಹೇಗೆ ಎಳೆಯುತ್ತದೆ ಅನ್ನುವುದು, ಆಮೇಲೆ ಸೀಟಿನ ಎತ್ತರ. ಪವರ್ ಕೊನೆಗೆ.

ತೂಕ ಓದುವಾಗ ಒಂದು ಎಚ್ಚರ ಬೇಕು. ಕರ್ಬ್ ವೇಟ್ ಅಂದರೆ ಪೆಟ್ರೋಲು, ಆಯಿಲು ಎಲ್ಲ ಸೇರಿದ್ದು. ಡ್ರೈ ವೇಟ್ ಅಂದರೆ ಅವಿಲ್ಲದ್ದು. ಒಂದು ಬೈಕಿನ ಡ್ರೈ ತೂಕವನ್ನು ಇನ್ನೊಂದರ ಕರ್ಬ್ ತೂಕಕ್ಕೆ ಹೋಲಿಸಬೇಡಿ. ಕರ್ಬ್ ಲೆಕ್ಕದಲ್ಲಿ ನೋಡಿದರೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬರುವುದು 196 ಕೆಜಿ, ಹಳೇ 411 ಬರುವುದು 199. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 167. ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 160, ಅದರ ನಂತರ ಬಂದ 210 ಸುಮಾರು 170. ಕವಾಸಾಕಿ ಕೆಎಲ್‌ಎಕ್ಸ್ 230 ಬರೀ 139. ಹಿಮಾಲಯನ್‌ನಿಂದ ಎಕ್ಸ್‌ಪಲ್ಸ್ 200ಕ್ಕೆ ಬಂದರೆ ತುಂಬಿದ ಗ್ಯಾಸ್ ಸಿಲಿಂಡರಿಗಿಂತ ಜಾಸ್ತಿ ಭಾರ ಇಳಿಯಿತು ಅಂತ ಅರ್ಥ.

ಭಾರ ಎಲ್ಲಿದೆ ಅನ್ನುವುದೂ ಮುಖ್ಯ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕೆಜಿ ತೂಗುತ್ತದೆ. 17 ಲೀಟರ್ ಟ್ಯಾಂಕು ತುಂಬಿಸಿದರೆ ಹನ್ನೆರಡು ಹದಿಮೂರು ಕೆಜಿ, ಅದೂ ಎಲ್ಲಕ್ಕಿಂತ ಮೇಲೆ. ಬೈಕು ವಾಲಿದಾಗ ಮೊದಲು ಎಳೆಯುವುದು ಅದೇ. ತೋಟದ ಕೆಲಸಕ್ಕೆ ಹೋಗುವ ದಿನ ನಾನು ಅರ್ಧ ಟ್ಯಾಂಕಿಗಿಂತ ಜಾಸ್ತಿ ಹಾಕಿಸುವುದಿಲ್ಲ. ಕಾರ್ಕಳ, ಹೆಬ್ರಿಯಲ್ಲಿ ಬಂಕ್ ಉಂಟು, ತುಂಬಿಸಿಕೊಂಡು ಹೋಗುವ ಅಗತ್ಯ ಇಲ್ಲ.

ಇನ್ನು ನಿಜವಾದ ಪರೀಕ್ಷೆ. ತಗೊಳ್ಳುವ ಮೊದಲು ಆ ಬೈಕನ್ನು ನೆಲದಿಂದ ಒಬ್ಬರೇ ಎತ್ತಿ ನೋಡಿ. ಶೋರೂಮಿನ ಹೊಸ ಗಾಡಿಯನ್ನು ಮಲಗಿಸಲು ಬಿಡುವುದಿಲ್ಲ, ಸರಿಯೇ. ಅದೇ ಮಾಡೆಲ್ ಇರುವ ಸ್ನೇಹಿತರನ್ನು ಹುಡುಕಿ. ಅಂಗಳದಲ್ಲಿ ಎರಡು ಗೋಣಿ ಮಡಚಿ ಹಾಕಿ, ಎಂಜಿನ್ ಆಫ್ ಮಾಡಿ, ನಿಧಾನಕ್ಕೆ ಬಲಬದಿಗೆ ಮಲಗಿಸಿ. ಸೈಡ್ ಸ್ಟ್ಯಾಂಡ್ ಮೊದಲೇ ಹೊರಕ್ಕೆ ಹಾಕಿಡಿ, ಎತ್ತಿದ ಮೇಲೆ ಬೈಕು ಆ ಕಡೆಗೆ ಮಗುಚಬಾರದು. ಗೇರಿನಲ್ಲಿರಲಿ, ಚಕ್ರ ಉರುಳಬಾರದು. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಬೈಕಿಗೆ ಬೆನ್ನು ಹಾಕಿ, ಸೊಂಟ ಸೀಟಿಗೆ ತಾಗುವಂತೆ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಒಂದು ಕೈ ಹ್ಯಾಂಡಲಿನ ತುದಿಗೆ, ಇನ್ನೊಂದು ಹಿಂದಿನ ಫ್ರೇಮಿಗೆ ಅಥವಾ ಕ್ಯಾರಿಯರಿಗೆ. ಬೆನ್ನು ನೇರ ಇಟ್ಟು ಕಾಲಿನ ಬಲದಲ್ಲಿ ಸಣ್ಣ ಸಣ್ಣ ಹೆಜ್ಜೆ ಹಿಂದಿಡುತ್ತಾ ಏಳಿ. ಮುಂದಕ್ಕೆ ಬಗ್ಗಿ ಕೈಯಲ್ಲಿ ಎಳೆದರೆ ಸೊಂಟ ಹಿಡಿಯುತ್ತದೆ, ಹಾಗೆ ಮಾಡಲೇಬೇಡಿ.

ಒಮ್ಮೆ ಎತ್ತಿದ್ದು ಸಾಕಾಗುವುದಿಲ್ಲ. ಎರಡನೇ ಸಲ, ಮೂರನೇ ಸಲವೂ ಎತ್ತಿ. ತೋಟದ ಏರಿನಲ್ಲಿ ಬಿದ್ದರೆ ಹತ್ತು ಮೀಟರ್ ಮುಂದೆ ಮತ್ತೆ ಬೀಳಬಹುದು. ಆಗ ಮೈಮೇಲೆ ರೈನ್‌ಕೋಟು ಇರುತ್ತದೆ, ಕಾಲಡಿ ಕೆಸರು ಇರುತ್ತದೆ, ಕೂಗಿದರೆ ಕೇಳುವವರು ಇರುವುದಿಲ್ಲ. ಅಂಗಳದಲ್ಲೇ ಮೂರನೇ ಸಲ ಕಷ್ಟ ಅನ್ನಿಸಿದರೆ ಆ ಬೈಕು ಈ ಕೆಲಸಕ್ಕೆ ಬೇಡ. ನಾನು ಐದೂವರೆ ಅಡಿ, 62 ಕೆಜಿ. ಹಳೇ ಬೈಕನ್ನು ಒಮ್ಮೆ ಎತ್ತಿದ ಮೇಲೆ ಕೈ ನಡುಗುತ್ತಿತ್ತು, ಮತ್ತೆ ಕ್ಲಚ್ ಸರಿಯಾಗಿ ಹಿಡಿಯಲು ಆಗುತ್ತಿರಲಿಲ್ಲ. ಸುಸ್ತಾದ ಕೈಯಲ್ಲಿ ಓಡಿಸಿದರೆ ಮತ್ತೆ ಬೀಳುವುದು ಖಂಡಿತ. ಹಗುರ ಬೈಕಿನ ದೊಡ್ಡ ಲಾಭ ಇದೇ ಅಂತ ನಾನು ನಂಬಿದ್ದೇನೆ: ಸಂಜೆಯ ಹೊತ್ತಿಗೂ ಕೈಕಾಲಲ್ಲಿ ಬಲ ಉಳಿದಿರುತ್ತದೆ.

ಟೆಸ್ಟ್ ರೈಡಿಗೆ ಹೆದ್ದಾರಿಗೆ ಹೋಗಬೇಡಿ. ಶೋರೂಮಿನವರು ಹೆಚ್ಚಾಗಿ ಎನ್‌ಎಚ್ 66ರ ಕಡೆಗೇ ಕಳಿಸುತ್ತಾರೆ. ಅಲ್ಲಿ ಎಲ್ಲ ಬೈಕೂ ಚೆನ್ನಾಗಿಯೇ ಓಡುತ್ತದೆ. ಹತ್ತಿರದ ಮಣ್ಣಿನ ಮೈದಾನವೋ ಒಳರಸ್ತೆಯೋ ಹುಡುಕಿ, ಸಾಧ್ಯ ಆದರೆ ಮಳೆ ಬರುವ ದಿನವೇ ಹೋಗಿ. ಮೊದಲ ಗೇರಿಗೆ ಹಾಕಿ, ಎಕ್ಸಲರೇಟರ್ ಮುಟ್ಟದೆ ಕ್ಲಚ್ ಬಿಡಿ. ನಡೆಯುವ ವೇಗದಲ್ಲಿ ಬೈಕು ಎಳೆದು ಬಿಡದೆ, ಆಫ್ ಆಗದೆ ಹೋಗುತ್ತದಾ ನೋಡಿ. ಕೆಲವು ಎಂಜಿನ್ನುಗಳಿಗೆ ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಜೀವ ಬರುತ್ತದೆ, ಕೆಳಗೆ ಕೆಮ್ಮುತ್ತವೆ. ಏರಿನ ತಿರುವಿನಲ್ಲಿ ಆಫ್ ಆದರೆ ಕಾಲು ಊರಲು ನೆಲ ಸಿಗದೆ ಬೀಳುತ್ತೀರಿ. ಮತ್ತೆ ಸಣ್ಣ ದಾರಿಯಲ್ಲಿ ಕಾಲು ಊರದೆ ಯೂ ಟರ್ನ್ ಮಾಡಿ. ಫುಟ್‌ರೆಸ್ಟ್ ಮೇಲೆ ನಿಂತು ಓಡಿಸಿ. ನಿಂತಾಗ ಹ್ಯಾಂಡಲಿಗೆ ಬಗ್ಗಬೇಕಾ, ಟ್ಯಾಂಕು ಮೊಣಕಾಲ ನಡುವೆ ಸರಿಯಾಗಿ ಕೂರುತ್ತದಾ? ಒಂದು ಬೆರಳಲ್ಲಿ ಕ್ಲಚ್ ಹಿಡಿಯಲು ಆಗುತ್ತದಾ? ಇಷ್ಟು ನೋಡಲು ಹತ್ತು ನಿಮಿಷ ಸಾಕು.

ಸೀಟಿನ ಎತ್ತರದ ಬಗ್ಗೆ ನಮ್ಮ ಕಡೆ ಹೆದರಿಕೆ ಜಾಸ್ತಿ. ಎರಡೂ ಕಾಲು ಪೂರ್ತಿ ಊರಬೇಕು ಅಂತ ಇಲ್ಲ. ಎಕ್ಸ್‌ಪಲ್ಸ್ 200 ಸೀಟು 825 ಮಿಮೀ, ಹಿಮಾಲಯನ್ 450 ಸೀಟೂ ತಗ್ಗಿಸಿದರೆ 825. ಅಂಕಿ ಒಂದೇ, ಆದರೆ ಕೂತರೆ ಬೇರೆ ಬೇರೆ. ಬೈಕು ಹಗುರ ಇದ್ದರೆ ಒಂದು ಕಾಲಿನ ಮುಂಗಾಲಲ್ಲೇ ತಡೆದು ನಿಲ್ಲಿಸಬಹುದು. ಭಾರ ಇದ್ದರೆ ವಾಲಲು ಶುರು ಮಾಡಿದ ಮೇಲೆ ಕಾಲು ಊರಿದ್ದರೂ ತಡೆಯಲು ಆಗುವುದಿಲ್ಲ. ಒಂದು ಬದಿಗೆ ಸೊಂಟ ಜಾರಿಸಿ ಒಂದೇ ಕಾಲಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಿ. ಸೀಟಿನ ಫೋಮ್ ಕೊಯ್ಯಿಸುವ ಅವಸರ ಬೇಡ. ಆದರೆ ಎಕ್ಸ್‌ಪಲ್ಸ್‌ನ ಪ್ರೋ ಮಾಡೆಲ್ ಸೀಟು 891 ಮಿಮೀ, ಕೆಎಲ್‌ಎಕ್ಸ್ ಸೀಟು 880. ನನ್ನ ಎತ್ತರದವರು ಅವುಗಳ ಮೇಲೆ ಕೂತು ನೋಡದೆ ಬುಕ್ ಮಾಡಬಾರದು.

ಯಾವುದು ತಗೊಳ್ಳಬೇಕು ಅಂತ ನೇರವಾಗಿ ಕೇಳಿದರೆ: ಕೆಲಸದ ಹೆಚ್ಚಿನ ಪಾಲು ಮಣ್ಣಿನಲ್ಲಿ, ಜೊತೆಗೆ ಟೂಲ್ಸ್ ಚೀಲ ಇದೆ ಅಂದರೆ ಎಕ್ಸ್‌ಪಲ್ಸ್ 200 ಅಥವಾ 210. ಎರಡಕ್ಕೂ ಮುಂದೆ 21 ಇಂಚಿನ, ಹಿಂದೆ 18 ಇಂಚಿನ ಸ್ಪೋಕ್ ಚಕ್ರ. ದೊಡ್ಡ ಮುಂಚಕ್ರ ಕಣಿಯ ಅಂಚನ್ನು ಸಲೀಸಾಗಿ ಹತ್ತುತ್ತದೆ. 200ರಲ್ಲಿ 19 ಪಿಎಸ್, 210ರಲ್ಲಿ 24 ಮತ್ತು ಆರು ಗೇರು. ಹೆದ್ದಾರಿಯೂ ಅಷ್ಟೇ ಇದೆ ಅನ್ನುವವರು 210ಕ್ಕೆ ಹೋಗಿ. ಕೆಎಲ್‌ಎಕ್ಸ್ ನಿಜಕ್ಕೂ ಆಟವಾಡಿಸಬಹುದಾದ ಬೈಕು, ನನಗೆ ಬಹಳ ಇಷ್ಟ. ಆದರೆ ಟ್ಯಾಂಕು 7.6 ಲೀಟರ್, ಸಾಮಾನು ಹೊರುವುದಕ್ಕೆ ಮಾಡಿದ್ದಲ್ಲ. ಬರೀ ಟಾರು, ಅಪರೂಪಕ್ಕೆ ಮಣ್ಣು ಅಂದರೆ ವಿ-ಸ್ಟ್ರಾಮ್ ಸಾಕು. ಅದರ ಮುಂಚಕ್ರ 19 ಇಂಚು, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಆಫ್ ಮಾಡಲು ಬರುವುದಿಲ್ಲ. ಕೆಸರಿನ ಇಳಿಜಾರಿನಲ್ಲಿ ಹಿಂದಿನ ಚಕ್ರ ಲಾಕ್ ಮಾಡಿ ನಿಧಾನ ಇಳಿಯುವ ಅಭ್ಯಾಸ ಇದ್ದವರು ಇದನ್ನು ಗಮನಿಸಿ. ಎಕ್ಸ್‌ಪಲ್ಸ್ 200ರಲ್ಲಿ ಎಬಿಎಸ್ ಮುಂದಕ್ಕೆ ಮಾತ್ರ, ಹಿಮಾಲಯನ್ 450ರಲ್ಲಿ ಹಿಂದಿನದನ್ನು ಆಫ್ ಮಾಡಬಹುದು.

ಕಳೆದುಕೊಳ್ಳುವುದನ್ನೂ ಸರಿಯಾಗಿ ತಿಳಿದಿರಬೇಕು. ಪಡುಬಿದ್ರಿ ಹತ್ತಿರ ಟ್ಯಾಂಕರ್ ದಾಟುವಾಗ ಹಿಂದೆ ಮಣಿಕಟ್ಟು ತಿರುಗಿಸಿದರೆ ಸಾಕಿತ್ತು. ಈಗ ಗೇರು ಇಳಿಸಬೇಕು, ಎದುರು ಉದ್ದಕ್ಕೆ ಖಾಲಿ ಇದೆಯಾ ನೋಡಬೇಕು, ಇಲ್ಲದಿದ್ದರೆ ಕಾಯಬೇಕು. 200 ಸಿಸಿ ಬೈಕಿಗೆ ಎಂಬತ್ತರ ವೇಗ ಹಿತ. ಅದರ ಮೇಲೆ ಹ್ಯಾಂಡಲಿನಲ್ಲಿ ನಡುಕ ಶುರು. ಹೆಬ್ರಿಯಿಂದ ಆಗುಂಬೆಗೆ ಇಬ್ಬರು ಹೋದರೆ ಹದಿನಾಲ್ಕು ತಿರುವುಗಳಲ್ಲಿ ಗೇರು ಮತ್ತೆ ಮತ್ತೆ ಇಳಿಸುತ್ತಲೇ ಇರಬೇಕು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಬೈಕಲ್ಲೇ ಹೋಗುವವರಾದರೆ ದೊಡ್ಡ ಬೈಕನ್ನೇ ಇಟ್ಟುಕೊಳ್ಳಿ, ಮಾರಬೇಡಿ.

ಹಗುರ ಬೈಕು ತಂದು ಮೊದಲ ವಾರವೇ ಅದಕ್ಕೆ ಭಾರ ಹೊರಿಸುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಕಬ್ಬಿಣದ ಕ್ರ್ಯಾಶ್ ಗಾರ್ಡ್, ಎರಡು ಬದಿಗೆ ಸ್ಟೀಲ್ ಡಬ್ಬ, ಎಕ್ಸ್‌ಟ್ರಾ ಲೈಟು, ಎಲ್ಲ ಸೇರಿದರೆ ಇಪ್ಪತ್ತು ಕೆಜಿ ಸುಲಭವಾಗಿ ಏರುತ್ತದೆ. ಬೇಕಾಗಿರುವುದು ಇಷ್ಟೇ: ಎಂಜಿನ್ ಅಡಿಗೆ ಗಟ್ಟಿ ಪ್ಲೇಟು, ಹ್ಯಾಂಡ್ ಗಾರ್ಡು. ಬಿದ್ದಾಗ ಕ್ಲಚ್ ಲಿವರ್ ಮುರಿದರೆ ಮನೆಗೆ ಬರುವುದು ಕಷ್ಟ. ಟೂಲ್ಸನ್ನು ಬಟ್ಟೆಯ ಚೀಲದಲ್ಲಿ ಸೀಟಿನ ಮಧ್ಯಕ್ಕೆ ಹತ್ತಿರ ಕಟ್ಟಿ, ಹಿಂದಿನ ಕ್ಯಾರಿಯರಿನ ತುದಿಗೆ ಬೇಡ. ಏರು ಜಾಸ್ತಿ ಇದ್ದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ (ಚೈನು ಎಳೆಯುವ ಹಲ್ಲುಚಕ್ರ) ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿಸಿ. ಮೊದಲ ಗೇರು ಇನ್ನಷ್ಟು ನಿಧಾನ ಎಳೆಯುತ್ತದೆ, ಹೆದ್ದಾರಿಯ ವೇಗ ಸ್ವಲ್ಪ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಮುಂದಿನ ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಹೆಬ್ಬೆರಳು ಎಳೆಯಿರಿ. ಬ್ರೇಕ್ ಹಿಡಿದು ನಾಲ್ಕು ಸಲ ಒತ್ತಿ, ಮತ್ತೆ ನೋಡಿ. ಎಣ್ಣೆಯ ಉಂಗುರ ಕಂಡರೆ ಸೀಲ್ ಹೋಗಿದೆ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ಮೆಲ್ಲಗೆ ತಟ್ಟಿ. ಎಲ್ಲ ಟಿಣ್ ಅನ್ನಬೇಕು, ಮಂಕಾಗಿ ಟಕ್ ಅಂದದ್ದು ಸಡಿಲ. ಮಲ್ಪೆ, ಕಾಪು ಕಡೆ ಕಡಲ ಬದಿಗೆ ಇದ್ದ ಗಾಡಿ ಆದರೆ ಸ್ಪೋಕಿನ ಬುಡದಲ್ಲಿ, ಸೈಲೆನ್ಸರಿನ ಬೆಂಡಿನಲ್ಲಿ ತುಕ್ಕು ಹುಡುಕಿ. ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಕೆಸರಲ್ಲಿ ಓಡಿದ ಬೈಕಿನಲ್ಲಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಬುಶ್ ಮೊದಲು ಸವೆಯುತ್ತದೆ.

ತಗೊಂಡ ಮೇಲೆ ಓಡಿಸುವ ಕ್ರಮವೂ ಬದಲಾಗಬೇಕು. ದೊಡ್ಡ ಬೈಕಿನಲ್ಲಿ ಏರಿನ ನಡುವೆ ನಿಂತರೂ ಎಂಜಿನ್ ಎಳೆದುಕೊಂಡು ಹೋಗುತ್ತಿತ್ತು. ಹಗುರ ಬೈಕಿನಲ್ಲಿ ಏರಿನ ಬುಡದಲ್ಲೇ ಗೇರು ಆರಿಸಿ, ವೇಗ ತಗೊಂಡು, ಅದನ್ನು ಕೊನೆಯವರೆಗೆ ಬಿಡದೆ ಹೋಗಬೇಕು. ನಡುವೆ ಗೇರು ಹಾಕಲು ಹೋದರೆ ನಿಲ್ಲುತ್ತದೆ. ಹಿಂಚಕ್ರ ಜಾರಿದರೆ ಸೀಟಿನಲ್ಲಿ ಹಿಂದಕ್ಕೆ ಸರಿದು ಅದರ ಮೇಲೆ ಮೈಭಾರ ಹಾಕಿ. 160 ಕೆಜಿಯ ಬೈಕಿನಲ್ಲಿ ಮೈ ಸರಿಸಿದ್ದು ತಕ್ಷಣ ಗೊತ್ತಾಗುತ್ತದೆ, ಮತ್ತು ಈ ಬೈಕಿನ ಖುಷಿ ಇರುವುದೂ ಅಲ್ಲೇ ಮಾರಾಯ್ರೇ! ಹಾಗಂತ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೋ ಸೋಮೇಶ್ವರ ಅಭಯಾರಣ್ಯದ ಕಾಡುದಾರಿಗೋ ಇಳಿಯಬೇಡಿ. ಅನುಮತಿ ಇಲ್ಲದೆ ಅಲ್ಲಿ ಹೋಗುವುದು ಅಪರಾಧ, ಕಾಡಿಗೂ ತೊಂದರೆ.

ಟಯರಿನ ಗಾಳಿ ಮಣ್ಣಿನ ದಾರಿಗೆ ಇಪ್ಪತ್ತು ಪಿಎಸ್‌ಐ ಆಸುಪಾಸು ಇರಲಿ. ತೀರಾ ಇಳಿಸಿದರೆ ಕಲ್ಲಿಗೆ ಹೊಡೆದು ಟ್ಯೂಬು ಕಚ್ಚುತ್ತದೆ. ಟಾರಿಗೆ ಬಂದ ಮೇಲೆ ಮತ್ತೆ ತುಂಬಿಸಿ, ಸಣ್ಣ ಪಂಪು ಜೊತೆಗಿರಲಿ. ಚೀಲದಲ್ಲಿ ಒಂದು 21 ಇಂಚಿನ ಟ್ಯೂಬು ಇಡಿ. ಹಿಂದಿನ ಚಕ್ರ ಪಂಚರ್ ಆದರೂ ಅದನ್ನೇ ಮಡಚಿ ಹಾಕಿ, ನಿಧಾನಕ್ಕೆ ಅಜೆಕಾರು ಪೇಟೆಯವರೆಗೆ ಬರಬಹುದು.